ಸಸ್ಯಾಂತರ್ವಾಸಿ ಶಿಲೀಂಧ್ರಗಳು ಮತ್ತು ಬೆಳೆ ರಕ್ಷಣೆ: ಚರಿತ್ರೆ

ಗಿಡದ ಬೇರು, ಕಾಂಡ, ಎಲೆ, ಬೀಜಗಳ ಒಳಗೆ ರೋಗದ ಕುರುಹು ತೋರದೆ ಬದುಕುವ ಶಿಲೀಂಧ್ರಗಳಿಗೆ ಸಸ್ಯಾಂತರ್ವಾಸಿಗಳೆಂದು ಹೆಸರು. ಕೆಲವು ಬೀಜದೊಳಗೇ ಉಳಿದು ಮುಂದಿನ ಪೀಳಿಗೆಗೆ ಸಾಗುತ್ತವೆ. ಹೆಚ್ಚಿನವು ಗಾಳಿ, ಮಳೆಹನಿ, ಮಣ್ಣಿನಿಂದ ಬಂದು ಸೇರುತ್ತವೆ. ರೋಗಾಣುವಿಗಿಂತ ಮೊದಲು ಜಾಗ ಹಿಡಿಯುವುದು, ಅದಕ್ಕೆ ವಿಷವಾಗುವ ರಾಸಾಯನಿಕ ಸ್ರವಿಸುವುದು, ಗಿಡದ ಸ್ವಂತ ರೋಗನಿರೋಧ ಶಕ್ತಿಯನ್ನು ಕೆರಳಿಸುವುದು ಇವು ಕಾಪಾಡುವ ಮುಖ್ಯ ಬಗೆಗಳು.

ಜರ್ಮನಿಯ ಆಂಟನ್ ಡಿ ಬಾರಿ 1866ರಲ್ಲೇ ಇಂಥ ಜೀವಿಗಳನ್ನು ಗುರುತಿಸಿ ಬರೆದಿದ್ದರೂ ಇವುಗಳ ಉಪಯೋಗ ಬಹುಕಾಲ ಯಾರಿಗೂ ಹೊಳೆಯಲಿಲ್ಲ. ಹೊಳೆದದ್ದು ಹಾನಿಯ ದಾರಿಯಿಂದ. 1977ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ ದನಗಳ ಕಾಯಿಲೆಗೂ ಅವು ಮೇದ ಫೆಸ್ಕ್ಯೂ ಹುಲ್ಲಿನೊಳಗಿನ ಶಿಲೀಂಧ್ರಕ್ಕೂ ನಂಟಿರುವುದು ಕಂಡುಬಂತು. 1981ರಲ್ಲಿ ನ್ಯೂಜಿಲೆಂಡಿನ ಕುರಿಗಳು ನಡುಗುತ್ತ ಬೀಳುವುದಕ್ಕೂ ರೈಹುಲ್ಲಿನ ಶಿಲೀಂಧ್ರವೇ ಕಾರಣವೆಂದಾಯಿತು. ಅದನ್ನು ತೆಗೆದುಹಾಕಿದ ಹುಲ್ಲು ಕುರಿಗೆ ಹಿತವಾಯಿತು, ಆದರೆ ಕಾಂಡ ಕೊರೆಯುವ ಹುಳ ಅದನ್ನೇ ತಿಂದು ಹಾಕಿತು. ಕೊನೆಗೆ ಹುಳವನ್ನು ತಡೆದು ಕುರಿಯನ್ನು ಬಾಧಿಸದ ತಳಿಯ ಶಿಲೀಂಧ್ರವನ್ನು ಆರಿಸಿ ಹುಲ್ಲುಬೀಜದೊಂದಿಗೆ ಮಾರತೊಡಗಿದರು. ಈ ವಿದ್ಯೆಯ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ.

ರೋಗದ ವಿಷಯದಲ್ಲಿ ಗಟ್ಟಿ ಸಾಕ್ಷ್ಯ ಬಂದದ್ದು 2003ರಲ್ಲಿ, ಪನಾಮಾದ ಕೋಕೋ ಗಿಡಗಳಿಂದ: ಅಂತರ್ವಾಸಿಗಳಿದ್ದ ಎಲೆಗಳಲ್ಲಿ ಫೈಟಾಫ್ತೊರಾ ಎಂಬ ರೋಗಾಣುವಿನ ಹಾವಳಿ ಕಡಿಮೆಯಾಗಿತ್ತು. ಭಾರತದ ಕೊಡುಗೆಯೂ ಸಣ್ಣದಲ್ಲ. ಥಾರ್ ಮರುಭೂಮಿಯ ಮಣ್ಣಿನಲ್ಲಿ ಅಜಿತ್ ವರ್ಮಾ ಮತ್ತು ಸಂಗಡಿಗರು ಕಂಡ ಪಿರಿಫಾರ್ಮೊಸ್ಪೊರಾ ಇಂಡಿಕಾ ಎಂಬ ಶಿಲೀಂಧ್ರ 1998ರಲ್ಲಿ ಪ್ರಕಟವಾಯಿತು. ಅದು ಬೇರಿನಲ್ಲಿ ನೆಲೆಸಿದರೆ ಬಾರ್ಲಿಯ ಎಲೆಗೂ ರೋಗ ತಡೆಯುವ ಬಲ ಬರುವುದು 2005ರಲ್ಲಿ ತಿಳಿಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಆರ್. ಉಮಾಶಂಕರ್ ಅವರ ತಂಡ ಕಡಲದಂಡೆಯ ಅಡುಂಬು ಬಳ್ಳಿಯ ಅಂತರ್ವಾಸಿಗಳನ್ನು ಭತ್ತಕ್ಕೆ ಸೇರಿಸಿ, ಉಪ್ಪು ತಾಳುವ ಶಕ್ತಿಯನ್ನು ಪರೀಕ್ಷಿಸಿತು.

ಬಾದಾಮಿ ತಾಲೂಕಿನ ಕೆರೂರ ಹಾಗೂ ಹುನಗುಂದ, ಇಳಕಲ್ ಭಾಗದ ಒಣಬೇಸಾಯಕ್ಕೆ ಹತ್ತಿರವಾದದ್ದು ಸಜ್ಜೆಯ ಕಥೆ. 1965ರಲ್ಲಿ ಎಚ್‌ಬಿ–1 ತಳಿ ಬಂದಮೇಲೆ ದೇಶದಲ್ಲಿ ಹೈಬ್ರಿಡ್ ಸಜ್ಜೆ ಹರಡಿತು. 1971ರ ಹೊತ್ತಿಗೆ ಬೂಜುತುಪ್ಪಟ ರೋಗ ಅದನ್ನು ಮುರಿಯಿತು. ಬೆಳಗಿನ ತಂಪಿನಲ್ಲಿ ಎಲೆಯ ತಳ ತಿರುವಿ ನೋಡಿದರೆ ಬಿಳಿ ಬೂಜು. ತೆನೆಯಲ್ಲಿ ಕಾಳಿನ ಬದಲು ಹಸಿರು ಎಲೆಗಳ ಗೊಂಚಲು. ರೋಗಾಣುವಿನ ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಹೊಲ ಬೇಗ ಶುದ್ಧವಾಗದು. ಮೆಟಲಾಕ್ಸಿಲ್ ಎಂಬ ಶಿಲೀಂಧ್ರನಾಶಕದ ಬೀಜೋಪಚಾರ ನೆರವಾಯಿತು. ಜೊತೆಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಎಚ್. ಶೇಖರ ಶೆಟ್ಟಿ ಕಟ್ಟಿದ ಸಂಶೋಧನಾ ಪರಂಪರೆ ಸೂಕ್ಷ್ಮಜೀವಿಗಳಿಂದಲೇ ನಿರೋಧ ಹುಟ್ಟಿಸುವ ದಾರಿ ಹುಡುಕಿತು. 2015ರಲ್ಲಿ ಮೈಸೂರಿನಿಂದಲೇ ಪ್ರಕಟವಾದ ಅಧ್ಯಯನದಲ್ಲಿ ಪೆನಿಸಿಲಿಯಂ ಆಕ್ಸಾಲಿಕಂ ಸಜ್ಜೆಯ ಬೆಳವಣಿಗೆ ಹೆಚ್ಚಿಸಿ ಈ ರೋಗವನ್ನು ತಗ್ಗಿಸಿತು. ಅದು ಬೇರಿನ ಸುತ್ತಲ ಮಣ್ಣಿನ ಶಿಲೀಂಧ್ರ, ಅಂತರ್ವಾಸಿಗಳ ನೆರೆಮನೆಯದು.

ಎಲ್ಲ ಅಂತರ್ವಾಸಿಯೂ ಹಿತೈಷಿಯಲ್ಲ. ಹಿಂಗಾರಿ ಜೋಳದಲ್ಲಿ ಕಾಂಡ ಒಳಗಿಂದ ಕಪ್ಪಾಗಿ ಬೆಳೆ ಒರಗುವಂತೆ ಮಾಡುವ ಮ್ಯಾಕ್ರೊಫೊಮಿನಾ, ಒಳಗೆ ಸುಮ್ಮನಿದ್ದು, ನೆಲದ ಹಸಿ ಆರಿ ಗಿಡ ಬಳಲಿದಾಗಲೇ ಜೋರು ಮಾಡುತ್ತದೆ. ಆದ್ದರಿಂದ ಒಂದು ನೆಲದಲ್ಲಿ ಗೆದ್ದ ಶಿಲೀಂಧ್ರವನ್ನು ಇನ್ನೊಂದು ನೆಲಕ್ಕೆ ಪರೀಕ್ಷಿಸದೆ ಶಿಫಾರಸು ಮಾಡಲಾಗದು.

ರೈತರ ಕೈಗೆ ನಿಜವಾಗಿ ತಲುಪಿರುವುದು ಟ್ರೈಕೋಡರ್ಮಾ. ಬೇರೆ ಶಿಲೀಂಧ್ರಗಳನ್ನು ಅದು ತಿನ್ನುವುದನ್ನು ರಿಚರ್ಡ್ ವೈಂಡ್ಲಿಂಗ್ 1932ರಲ್ಲಿ ತೋರಿಸಿದರು. ಬೇರಿನ ಹೊರಪದರಗಳಿಗೂ ಅದು ಹೊಕ್ಕು ಗಿಡವನ್ನು ಎಚ್ಚರಿಸುವುದು ತಿಳಿದದ್ದು ದಶಕಗಳ ಮೇಲೆ. ಕಡಲೆಯ ಸೊರಗು ರೋಗಕ್ಕೆ ಕಿಲೋ ಬೀಜಕ್ಕೆ 4 ಗ್ರಾಂ ಪುಡಿ ಲೇಪಿಸುವ ರೂಢಿ ಇದೆ. ಅದು ಜೀವಂತ ಪುಡಿ: ಬಿಸಿಲಿಗಿಟ್ಟರೆ ಸಾಯುತ್ತದೆ, ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕದ ಜೊತೆ ಕಲಸಿದರೂ ಸಾಯುತ್ತದೆ. ಲೇಪಿಸಿದ ಬೀಜವನ್ನು ನೆರಳಲ್ಲಿ ಆರಿಸಿ ಅಂದೇ ಬಿತ್ತಬೇಕು.