ಬೀಸುವ ಕಲ್ಲೂ ಮನಸ್ಸಿನ ಭಾರವೂ

ಅಡುಗೆ ಮಾಡಿದರೆ ಮನಸ್ಸು ಹಗುರಾಗುತ್ತದೆ ಎಂಬ ಮಾತು 2020ರ ಲಾಕ್‌ಡೌನಿನಲ್ಲಿ ಎಲ್ಲೆಡೆ ಕೇಳಿಬಂತು. ನಮ್ಮ ಬೆಳುಗುಪ್ಪ, ರಾಯದುರ್ಗದ ಕಡೆಯ ಅಜ್ಜಿಯರಿಗೆ ಇದು ಹೊಸದೇನಲ್ಲ. ಹಿಟ್ಟಿನ ಗಿರಣಿ ಬರುವ ಮೊದಲು ಬೆಳಗಿನ ಜಾವವೇ ಎದ್ದು ರಾಗಿ, ಜೋಳ ಬೀಸುತ್ತಿದ್ದರು. ಅದು ವಿಶ್ರಾಂತಿಯಲ್ಲ, ರಟ್ಟೆ ಸೋಲಿಸುವ ದುಡಿಮೆ. ಆದರೂ ಯಾರ ಮುಂದೆಯೂ ಆಡಲಾಗದ ತವರಿನ ನೆನಪು, ಅತ್ತೆಮನೆಯ ನೋವು ಕಲ್ಲಿನ ಸದ್ದಿನ ಜೊತೆ ಹಾಡಾಗಿ ಹೊರಬರುತ್ತಿತ್ತು. ಬೀಸುವ ಪದಗಳೆಂದರೆ ಇವೇ. ಉತ್ತರದ ಹಲಸಂಗಿ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು.

ಆದರೆ ಬೀಸಲು ಕಾಳಾದರೂ ಬೇಕಲ್ಲ! 1876-78ರ ಧಾತು ಸಂವತ್ಸರದ ಬರದಲ್ಲಿ ನಮ್ಮ ಸೀಮೆ ಮದ್ರಾಸ್ ಪ್ರೆಸಿಡೆನ್ಸಿಯ ಬಳ್ಳಾರಿ ಜಿಲ್ಲೆಗೆ ಸೇರಿತ್ತು. (ಅನಂತಪುರ ಜಿಲ್ಲೆಯಾದದ್ದು 1882ರಲ್ಲಿ, ರಾಯದುರ್ಗ ಮಾತ್ರ 1953ರವರೆಗೂ ಬಳ್ಳಾರಿಯಲ್ಲೇ ಇತ್ತು.) 1877ರಲ್ಲಿ ರಿಚರ್ಡ್ ಟೆಂಪಲ್ ಬರಗಾಲದ ಕೂಲಿಯನ್ನು ಇಳಿಸಿದ. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ, ಮೇಲೊಂದು ಆಣೆ. ಹೆಂಗಸರಿಗೆ ಅದಕ್ಕಿಂತ ಕಡಿಮೆ. ಅಂಥ ಮನೆಯಲ್ಲಿ ಯಾವ ಹಾಡು?

2020ರಲ್ಲಿ ಪಡಿತರದಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಉಚಿತವಾಗಿ ಬಂತು, ಒಲೆ ಉರಿಯಿತು.

ಮಕ್ಕಳೇ, ಮನೆಯ ಮೂಲೆಯಲ್ಲಿ ಬೀಸುವ ಕಲ್ಲು ಇನ್ನೂ ಇದ್ದರೆ, ಅಜ್ಜಿಗೆ ಒಂದು ಪದ ನೆನಪಿದೆಯೇ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.