ಪರ್ವತಯಾತ್ರೆಯ ಸಿದ್ಧತೆ

ಕನ್ನಡನಾಡಿನ ಶಿವಭಕ್ತರ ಬಾಯಲ್ಲಿ ಪರ್ವತವೆಂದರೆ ಶ್ರೀಶೈಲವೇ. ಬೇರೊಂದು ಹೆಸರಿನಿಂದ ಅದನ್ನು ವಿಶೇಷಿಸಿ ಹೇಳುವ ಅಗತ್ಯವಿಲ್ಲ. ಪರ್ವತಪ್ಪ, ಪರ್ವತಮ್ಮ, ಪರ್ವತಗೌಡ ಎಂಬ ಹೆಸರುಗಳು ಆ ಗಿರಿಯನ್ನೇ ನೆನೆದು ಇಟ್ಟವು. ಕ್ರಿ. ಶ. ೧೭೯೪ರಲ್ಲಿ ಅಲ್ಲಿಗೆ ಹೋಗಿ ವೃತ್ತಾಂತವನ್ನು ಬರೆದ ಬ್ರಿಟಿಷ್ ಅಧಿಕಾರಿ ಮೆಕೆಂಜಿಯೂ ಆ ಗುಡಿಯನ್ನು ‘ಪರ್ವತ’ವೆಂಬ ಹೆಸರಿನಿಂದಲೇ ಕರೆದಿರುವನು. ಮಲ್ಲಿಕಾರ್ಜುನನ ಮಹಿಮೆಯನ್ನು ಹೇಳುವ ಪುರಾಣಗಳು ಬಹಳ. ಆದರೆ ಅಲ್ಲಿಗೆ ಹೋಗುವವರು ಯಾವ ಕಾಲಕ್ಕೆ ಹೊರಟರು, ಎಲ್ಲಿ ತಂಗಿದರು, ನೀರಿಗೆ ಏನು ಮಾಡಿದರು ಎಂಬುದನ್ನು ವಿಚಾರಿಸಿದವರು ಕಡಿಮೆ. ಯಾತ್ರೆಯ ಚರಿತ್ರೆಯ ಬಹುಭಾಗವು ಈ ಸಿದ್ಧತೆಯಲ್ಲಿಯೇ ಅಡಗಿರುವುದು.

ಸಿದ್ಧತೆಯಿಲ್ಲದೆ ಹೊರಟವನೊಬ್ಬನುಂಟು. ರಾಘವಾಂಕನ ಸಿದ್ಧರಾಮಚಾರಿತ್ರವನ್ನು ಕೇಳಿದವರಿಗೆ ಆ ಕಥೆಯು ವಿದಿತವೇ ಆಗಿದೆ. ಸೊನ್ನಲಿಗೆಯ ಹೊಲದಲ್ಲಿ ದನ ಕಾಯುತ್ತಿದ್ದ ಬಾಲಕನು ಹಸಿದು ಬಂದ ಮಲ್ಲಯ್ಯನಿಗಾಗಿ ಮನೆಗೆ ಓಡಿ ಮಜ್ಜಿಗೆಯನ್ನವನ್ನು ತಂದನು. ತರುವಷ್ಟರಲ್ಲಿ ಮಲ್ಲಯ್ಯನು ಇರಲಿಲ್ಲ. ‘ಮಲ್ಲಯ್ಯಾ’ ಎಂದು ಕೂಗುತ್ತ ಪರ್ವತಕ್ಕೆ ಹೊರಟಿದ್ದ ಯಾತ್ರಿಕರ ಬೆನ್ನು ಹತ್ತಿದನು. ಗುಡಿಯೊಳಗಿನ ಲಿಂಗವನ್ನು ತೋರಿಸಿದರೆ ತಾನು ಕಂಡ ಮಲ್ಲಯ್ಯನು ಇವನಲ್ಲವೆಂದನು. ಕಡೆಗೆ ಪ್ರಪಾತದ ಅಂಚಿನಲ್ಲಿ ಅವನಿಗೆ ದರ್ಶನವಾಯಿತು. ಆ ಬಾಲಕನ ಕೈಯಲ್ಲಿ ಬುತ್ತಿಯಿರಲಿಲ್ಲ, ದಾರಿಯ ತಿಳಿವೂ ಇರಲಿಲ್ಲ. ಆದರೂ ಕಥೆಯಲ್ಲಿ ಅವನ ಮುಂದೆ ನಡೆಯುತ್ತಿದ್ದ ಯಾತ್ರಿಕರಿದ್ದರೆಂಬುದನ್ನು ಮರೆಯಲಾಗದು. ಸೊನ್ನಲಿಗೆಯಿಂದ ಪರ್ವತಕ್ಕೆ ಗುಂಪುಗೂಡಿ ಹೋಗುವ ರೂಢಿಯು ಆ ಕವಿಯ ಕಾಲಕ್ಕಾಗಲೇ ನೆಲೆಗೊಂಡಿತ್ತೆಂಬುದಕ್ಕೆ ಇದೇ ಸಾಕ್ಷಿ. ೧೩ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನಾದರೋ ತನ್ನ ತೆಲುಗಿನ ಪಂಡಿತಾರಾಧ್ಯಚರಿತ್ರದಲ್ಲಿ ಪರ್ವತಕ್ಕಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟು, ಶಿವರಾತ್ರಿಗೆ ಹೋಗುವ ಜನಸಂದಣಿಯನ್ನು ವಿಸ್ತಾರವಾಗಿ ವರ್ಣಿಸಿರುವನು.

ಕಾಲದ ನಿರ್ಣಯವು ಮೊದಲನೆಯದು. ಶಿವರಾತ್ರಿಯು ಮಾಘದ ಕೊನೆಗೆ ಬರುವುದು. ಆಗ ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಕಡೆಯ ಎರೆಹೊಲಗಳಲ್ಲಿ ಬಿಳಿಜೋಳದ ಸುಗ್ಗಿಯು ಇನ್ನೂ ಮುಗಿದಿರುವುದಿಲ್ಲ. ಒಂದು ತಿಂಗಳು ಕಳೆದರೆ ರಾಶಿಯಾಗಿ ಕಾಳು ಮನೆ ಸೇರುವುದು, ಎತ್ತುಗಳಿಗೂ ಆಳುಗಳಿಗೂ ಬಿಡುವಾಗುವುದು. ಆದುದರಿಂದಲೇ ಶಿವರಾತ್ರಿಗೆ ಆಂಧ್ರದ ಭಕ್ತರು ನೆರೆಯುವಂತೆ ಯುಗಾದಿಗೆ ಕನ್ನಡದ ಒಕ್ಕಲುಮಕ್ಕಳು ನೆರೆಯುವ ರೂಢಿಯು ಬೆಳೆದಿರಬೇಕು. ಹೋಳಿಹುಣ್ಣಿಮೆಯ ಆಸುಪಾಸಿನಲ್ಲಿ ಕಂಬಿಯನ್ನು ಪೂಜಿಸಿ ಹೊರಟರೆ ಯುಗಾದಿಗೆ ಹದಿನೈದು ದಿನಗಳು. ಬಾಗಲಕೋಟೆಯಿಂದ ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರುಗಳ ಮೇಲೆ ಪರ್ವತವು ೪೦೦ ಕಿಲೋಮೀಟರಿಗೆ ಸಮೀಪವಿರುವುದು. ದಿನಕ್ಕೆ ಆರೇಳು ಹರದಾರಿ ನಡೆದರೆ ಲೆಕ್ಕವು ಸರಿಹೋಗುವುದು. ಒಂದು ದಿನ ಕಾಲು ಕೆಟ್ಟರೆ ತಪ್ಪುವುದು. ಹಿರಿಯರು ಹಿಡಿದಿದ್ದ ಈ ಲೆಕ್ಕದಲ್ಲಿ ಸಡಿಲಿಕೆಯು ಸ್ವಲ್ಪವೇ.

ಬುತ್ತಿಯ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ಕಟಕ ರೊಟ್ಟಿ, ಶೇಂಗಾದ ಹಿಂಡಿ. ಇವು ವಾರಗಟ್ಟಲೆ ಕೆಡವು. ಕಷ್ಟವೆಲ್ಲ ನೀರಿನದು.

ಇಲ್ಲಿ ಲಿಂಗವಂತರ ಯಾತ್ರೆಗೆ ಇತರರ ಯಾತ್ರೆಗಿಲ್ಲದ ಒಂದು ಕಟ್ಟುಂಟು. ಇಷ್ಟಲಿಂಗವು ಅಂಗದ ಮೇಲಿರಲು ಸ್ಥಾವರವನ್ನರಸಿ ಗುಡ್ಡವನ್ನೇಕೆ ಹತ್ತಬೇಕೆಂದು ಕೇಳುವವರು ಹಿಂದೆಯೂ ಇದ್ದರು, ಈಗಲೂ ಇರುವರು. ಆ ಪ್ರಶ್ನೆಯು ನ್ಯಾಯವಾದದ್ದೇ. ಶರಣರು ತೀರ್ಥಗಳ ಹಂಬಲವನ್ನು ಹಳಿದದ್ದೂ ಸುಳ್ಳಲ್ಲ. ಆದರೆ ಅಲ್ಲಮಪ್ರಭುಗಳೂ ಅಕ್ಕಮಹಾದೇವಿಯೂ ಕಲ್ಯಾಣದಿಂದ ಕೊನೆಗೆ ಹೊರಟದ್ದು ಈ ಪರ್ವತದ ಕದಳಿಗೇ ಎಂಬ ಪರಂಪರೆಯ ಮಾತನ್ನೂ ಬಿಡಲಾಗದು. ಸಂಪ್ರದಾಯಸ್ಥರು ಈ ಎರಡನ್ನೂ ವಾದದಿಂದಲ್ಲ, ನಡೆಯಿಂದ ಹೊಂದಿಸಿದರು: ಪರ್ವತಕ್ಕೆ ಹೋಗಬಹುದು, ಆದರೆ ದಾರಿಯಲ್ಲಿ ಒಂದು ದಿನವೂ ಇಷ್ಟಲಿಂಗಪೂಜೆಯು ತಪ್ಪಕೂಡದು, ಪೂಜೆಯಾಗದೆ ಪ್ರಸಾದವಿಲ್ಲ. ಅಂದಮೇಲೆ ಪ್ರತಿ ತಂಗುವ ಸ್ಥಳದಲ್ಲಿಯೂ ಸ್ನಾನಕ್ಕೂ ಮಜ್ಜನಕ್ಕೂ ಶುದ್ಧವಾದ ನೀರು ಬೇಕು. ಫಾಲ್ಗುಣದ ಬಿಸಿಲಿನಲ್ಲಿ ಹಳ್ಳಗಳು ಬತ್ತಿರುವಾಗ ಎಲ್ಲಿಯ ಬಾವಿಯಲ್ಲಿ ನೀರು ನಿಂತಿರುವುದೆಂಬುದನ್ನು ಬಲ್ಲ ಹಿರಿಯನೇ ಗುಂಪಿನ ನಾಯಕನಾಗುತ್ತಿದ್ದನು. ದಾರಿಯ ಬಿಡಾರಗಳು ಊರಿನ ದೊಡ್ಡಸ್ತಿಕೆಯನ್ನು ನೋಡಿ ಏರ್ಪಟ್ಟವುಗಳಲ್ಲ. ಬಾವಿಯನ್ನು ನೋಡಿ ಏರ್ಪಟ್ಟವು. ಆ ಬಾವಿಗಳ ಬಳಿ ಅರವಟ್ಟಿಗೆಯಿಟ್ಟು ದಾಸೋಹ ನಡೆಸಿದವರಲ್ಲಿ ಅನೇಕರಿಗೆ ಸುಗ್ಗಿಯ ಕೆಲಸದಿಂದಲೋ ಮುಪ್ಪಿನಿಂದಲೋ ತಾವು ಯಾತ್ರೆಗೆ ಹೋಗುವುದು ಸಾಧ್ಯವಿರಲಿಲ್ಲ.

ಆತ್ಮಕೂರಿನ ಆಚೆಗೆ ಊರುಗಳಿಲ್ಲ, ನಲ್ಲಮಲೆಯ ಅಡವಿ. ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು ಎಂಬ ದೊಡ್ಡ ಕೆರೆ, ಭೀಮುನಿಕೊಲನು ಎಂಬ ಕಣಿವೆ, ಕೈಲಾಸದ್ವಾರ: ಇದೇ ಕ್ರಮ. ಭೀಮುನಿಕೊಲನಿನಲ್ಲಿ ಇಳಿದಷ್ಟೂ ಮತ್ತೆ ಏರಬೇಕು; ವೃದ್ಧರ ಧೈರ್ಯವು ಕುಂದುವುದು ಇಲ್ಲಿಯೇ. ಈ ಬೆಟ್ಟದ ದಾರಿಗೆ ೧೪ನೆಯ ಶತಮಾನದಲ್ಲಿ ರೆಡ್ಡಿ ಅರಸನಾದ ಪ್ರೋಲಯ ವೇಮನು ಸೋಪಾನಗಳನ್ನು ಕಟ್ಟಿಸಿದನು. ಅದೇ ಶತಮಾನದ ಕೊನೆಯಲ್ಲಿ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆಯು ಪಾತಾಳಗಂಗೆಗೆ, ಎಂದರೆ ಬೆಟ್ಟದ ಕೆಳಗೆ ಹರಿಯುವ ಕೃಷ್ಣೆಗೆ ಇಳಿಯಲು ಮೆಟ್ಟಿಲುಗಳನ್ನು ಹಾಕಿಸಿದಳು. ಕೃಷ್ಣದೇವರಾಯನ ಮಂಟಪಗಳನ್ನೂ ೧೬೭೭ರಲ್ಲಿ ಬಂದ ಶಿವಾಜಿ ಮಹಾರಾಜನ ಗೋಪುರವನ್ನೂ ಎಲ್ಲರೂ ಕೊಂಡಾಡುವರು. ಕಾಲಿನಿಂದ ನಡೆದು ಬರುವವನಿಗೆ ಮಾತ್ರ ವಿಠಲಾಂಬೆಯ ಕೆಲಸವೇ ಹೆಚ್ಚಿನದೆಂದು ತೋರಿದರೆ ಆಶ್ಚರ್ಯವಿಲ್ಲ.

ಅಡವಿಯೊಳಗೆ ದಾರಿ ತೋರಿ ಕಾಪಾಡುತ್ತಿದ್ದವರು ಚೆಂಚುಗಳು. ಯಾತ್ರಿಕರು ಅವರಿಗೆ ಕಾಣಿಕೆ ಕೊಡುವುದು ವಾಡಿಕೆ. ಮಲ್ಲಯ್ಯನು ತಮ್ಮ ಕುಲದ ಹೆಣ್ಣನ್ನು ವರಿಸಿದ ಅಳಿಯನೆಂದು ಚೆಂಚುಗಳು ಹೇಳುವರು. ಕನ್ನಡದ ಭಕ್ತರಾದರೋ ಭ್ರಮರಾಂಬೆಯು ತಮ್ಮ ಮನೆಮಗಳೆಂದು ಸೀರೆ, ಅರಿಸಿನ, ಕುಂಕುಮಗಳನ್ನು ಹೊತ್ತು ತರುವರು. ಬೀಗರ ನಡುವೆ ವ್ಯಾಜ್ಯ ಹುಟ್ಟದಿರುವುದು ಮಲ್ಲಯ್ಯನ ಕೃಪೆಯೇ ಸರಿ! ಕಾಣಿಕೆಯಲ್ಲದೆ ಸುಂಕವೂ ಇತ್ತು. ಕ್ರಿ. ಶ. ೧೮೩೦ರಲ್ಲಿ ಚೆನ್ನಪಟ್ಟಣದಿಂದ ಕಾಶಿಗೆ ಹೊರಟು ನಡುವೆ ಪರ್ವತವನ್ನು ಕಂಡ ಏನುಗುಲ ವೀರಾಸ್ವಾಮಿಯು, ಕರ್ನೂಲಿನ ನವಾಬನು ಯಾತ್ರಿಕರಿಂದ ಹಣವನ್ನು ಕೀಳುತ್ತಿದ್ದುದನ್ನು ತನ್ನ ಯಾತ್ರಾಚರಿತ್ರೆಯಲ್ಲಿ ಬರೆದಿಟ್ಟಿರುವನು. ಬಡ ಒಕ್ಕಲಿಗನು ಬುತ್ತಿಯ ಜೊತೆಗೆ ಈ ಹಣವನ್ನೂ ಸೆರಗಿನಲ್ಲಿ ಕಟ್ಟಿಕೊಳ್ಳಬೇಕಾಗಿತ್ತು. ೧೮೩೯ರಲ್ಲಿ ಕಂಪನಿ ಸರಕಾರವು ನವಾಬನನ್ನು ಪದಚ್ಯುತನನ್ನಾಗಿ ಮಾಡಿ ಸೀಮೆಯನ್ನು ವಶಪಡಿಸಿಕೊಂಡಿತು.

೨೦ನೆಯ ಶತಮಾನದಲ್ಲಿ ಮೋಟಾರು ರಸ್ತೆಯು ಬಂದಿತು. ಆ ರಸ್ತೆಯು ಹಳೆಯ ಕಾಲುದಾರಿಯನ್ನು ಅನುಸರಿಸುವುದಿಲ್ಲ. ದೋರನಾಲದ ಮೇಲೆ ಸುತ್ತಿ ಕರ್ನೂಲಿನಿಂದ ಸುಮಾರು ೧೮೦ ಕಿಲೋಮೀಟರಾಗುವುದು. ೧೯೬೦ರಲ್ಲಿ ಆರಂಭವಾದ ಶ್ರೀಶೈಲದ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಪಾತಾಳಗಂಗೆಯ ಕೆಳಗಿನ ಮೆಟ್ಟಿಲುಗಳು ಮುಳುಗಿದವು. ೧೯೮೩ರಿಂದ ಈ ಅಡವಿಯು ಹುಲಿಗಳ ರಕ್ಷಿತಪ್ರದೇಶ. ಕಾಲುದಾರಿಯು ಶಿವರಾತ್ರಿ ಯುಗಾದಿಗಳ ಕಾಲಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯಂತೆ ತೆರೆಯುವುದು. ಬಸ್ಸಿನಲ್ಲಿ ಹೋಗುವವರಿಗೆ ಒಂದೆರಡು ದಿನಗಳ ಬಿಡುವು ಸಾಕು. ಆದರೂ ಯುಗಾದಿಗೆ ನಡೆದೇ ಹೋಗುವವರು ಲಕ್ಷಗಟ್ಟಲೆ ಇರುವರು. ಅವರಲ್ಲಿ ತರುಣರೇ ಬಹಳ. ಹಿರಿಯನ ಮಾತು ಕೇಳದೆ ನಡುಹಗಲಿನ ಟಾರು ರಸ್ತೆಯಲ್ಲಿ ನಡೆದು ಬಿಸಿಲಿನ ಪೆಟ್ಟಿಗೆ ಸಿಕ್ಕುವವರುಂಟು, ರಾತ್ರಿ ನಡೆದು ಲಾರಿಗಳಿಗೆ ಸಿಕ್ಕುವವರುಂಟು. ಕುಡಿದು ಬಿಸಾಡಿದ ಪ್ಲಾಸ್ಟಿಕ್ ಬಾಟಲಿಗಳು ಅಡವಿಯ ಕೆರೆಯ ದಡಗಳಲ್ಲಿ ರಾಶಿಬೀಳುತ್ತಿರುವುದು ಇನ್ನೂ ಹೆಚ್ಚಿನ ಅನ್ಯಾಯವು. ನೀರಿಗಾಗಿಯೇ ಏರ್ಪಟ್ಟ ದಾರಿಯಲ್ಲಿ ನೀರನ್ನೇ ಕೆಡಿಸುವುದು ಯಾವ ಸೇವೆ?

ಹೊರಡತಕ್ಕವರು ನಸುಕಿನಲ್ಲೆದ್ದು ಪೂಜೆ ಮುಗಿಸಿ, ಬಿಸಿಲೇರುವ ಮೊದಲೇ ದಿನದ ದಾರಿಯ ಹೆಚ್ಚು ಪಾಲನ್ನು ಮುಗಿಸತಕ್ಕದ್ದು. ಒಂದು ಬಿಂದಿಗೆ, ಒಂದು ಹಗ್ಗ, ದಾರಿಯನ್ನು ಬಲ್ಲ ಒಬ್ಬ ಹಿರಿಯ, ಇವು ಗುಂಪಿಗೊಂದರಂತೆ ಇರತಕ್ಕದ್ದು. ಹೋಗುವಾಗ ಅನ್ನ ಹಾಕಿದ ಊರುಗಳ ಹೆಸರನ್ನು ಬರೆದಿಟ್ಟುಕೊಳ್ಳುವ ಪದ್ಧತಿಯನ್ನು ಪ್ರತಿಯೊಂದು ಗುಂಪೂ ಹಿಡಿದರೆ ಒಳಿತು. ಮರುವರ್ಷ ಅದೇ ಊರುಗಳ ದಾಸೋಹಕ್ಕೆ ಒಂದೊಂದು ಚೀಲ ಜೋಳವನ್ನು ಮುಂಚಿತವಾಗಿ ಕಳುಹಿಸಲು ಅದು ಅನುಕೂಲವಾಗುವುದು.