ಊದುಗೊಳವೆ ಮತ್ತು ಉಸಿರಿನ ಲೆಕ್ಕ

ಕಳೆದ ತಿಂಗಳು ನಮ್ಮ ತಾಲ್ಲೂಕಿನಲ್ಲಿ ಹಿರಿಯ ಅಕ್ಕಸಾಲಿಗರೊಬ್ಬರು ಅಂಗಡಿ ಮುಚ್ಚಿದರು. ಸುದ್ದಿಗೆಂದು ಹೋದಾಗ ತುದಿ ಬಾಗಿದ ಹಿತ್ತಾಳೆಯ ಊದುಗೊಳವೆಯೊಂದನ್ನು ನನ್ನ ಕೈಗಿಟ್ಟು, "ಊದಿ ನೋಡಪ್ಪ" ಎಂದರು. ಊದಿದೆ. ದೀಪ ಆರಿಹೋಯಿತು. "ಎದೆಯಿಂದಲ್ಲ, ಕೆನ್ನೆಯಿಂದ ಊದಬೇಕು" ಎಂದು ನಕ್ಕರು. ಕೆನ್ನೆಯಲ್ಲಿ ಗಾಳಿ ತುಂಬಿಟ್ಟು ಊದುತ್ತಲೇ ಮೂಗಿನಿಂದ ಉಸಿರೆಳೆದುಕೊಳ್ಳಬೇಕು. ಆಗ ಮಾತ್ರ ಜ್ವಾಲೆ ಕಡಿಯುವುದಿಲ್ಲ.

ಈ ವಿದ್ಯೆ ಬಹಳ ಹಳೆಯದು. ಈಜಿಪ್ಟಿನ ಸಕ್ಕಾರಾದಲ್ಲಿರುವ ಮೆರೆರುಕಾ ಎಂಬ ಅಧಿಕಾರಿಯ ಸಮಾಧಿಗೆ ನಾಲ್ಕು ಸಾವಿರ ವರ್ಷ ದಾಟಿದೆ. ಅದರ ಗೋಡೆಯ ಕೆತ್ತನೆಯಲ್ಲಿ ಕೆಲಸಗಾರರು ಮೂಸೆಯ ಸುತ್ತ ಕೂತು ಕೊಳವೆ ಊದುತ್ತಿದ್ದಾರೆ. ಅವರ ಶ್ವಾಸಕೋಶವೇ ಅವರ ತಿದಿ.

ಬೇಟೆಗಾರನಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಒಂದೇ ರಭಸದ ಉಸಿರು. ಬೋರ್ನಿಯೋದ ಕಾಡಿನವರು ಗಟ್ಟಿ ಮರವನ್ನು ಉದ್ದಕ್ಕೆ ಕೊರೆದು ಮಾಡುವ ಕೊಳವೆಗೆ 'ಸುಂಪಿಟ್' ಎನ್ನುತ್ತಾರೆ. ಅದರೊಳಗಿನ ಕಡ್ಡಿಬಾಣದ ತುದಿಗೆ ಹಚ್ಚುವ ಮರದ ಹಾಲು ಪ್ರಾಣಿಯ ಹೃದಯವನ್ನೇ ನಿಲ್ಲಿಸುತ್ತದೆ. ಆ ಮರ ನಮ್ಮ ಪಶ್ಚಿಮಘಟ್ಟದಲ್ಲೂ ಇದೆ, ಅಜ್ಜನಪಟ್ಟೆ. ಇಲ್ಲಿ ಅದರ ತೊಗಟೆಯಿಂದ ಚೀಲ ಮಾಡುತ್ತಿದ್ದರು. ಅಮೆಜಾನಿನ ಬಾಣವಿಷ ಕ್ಯುರಾರೆಯ ಕೆಲಸ ಬೇರೆ. ಅದು ಸ್ನಾಯುಗಳನ್ನು ಸಡಿಲಿಸಿ ಉಸಿರು ನಿಲ್ಲಿಸುತ್ತದೆ. 1942ರಲ್ಲಿ ಮಾಂಟ್ರಿಯಲ್ಲಿನ ವೈದ್ಯ ಹೆರಾಲ್ಡ್ ಗ್ರಿಫಿತ್ ಅದರ ಸಾರವನ್ನೇ ಶಸ್ತ್ರಚಿಕಿತ್ಸೆಗೆ ಬಳಸಿದರು.

ವಿಜ್ಞಾನಿಗಳು ಮಾತ್ರ ಅಕ್ಕಸಾಲಿಗರ ಕೊಳವೆಯನ್ನೇ ಹಿಡಿದರು. ಸ್ವೀಡನ್ನಿನ ಕ್ರೋನ್‌ಸ್ಟೆಡ್ 1756ರಲ್ಲಿ ಒಂದು ಖನಿಜಕ್ಕೆ ಜ್ವಾಲೆ ಊದಿದಾಗ ಅದು ಕುದಿಯುವಂತೆ ಉಬ್ಬಿತು. 'ಕುದಿಯುವ ಕಲ್ಲು' ಎಂಬರ್ಥದಲ್ಲಿ ಅದಕ್ಕೆ 'ಜಿಯೋಲೈಟ್' ಎಂದು ಹೆಸರಿಟ್ಟ. 1820ರಲ್ಲಿ ಬರ್ಜೀಲಿಯಸ್ ಊದುಗೊಳವೆಯ ಬಗ್ಗೆಯೇ ಪುಸ್ತಕ ಬರೆದ. ಅಕ್ಕಸಾಲಿಗರು ಬೆಸುಗೆಗೆ ಹಾಕುವ ಬಿಳಿಗಾರವೇ ಪರೀಕ್ಷೆಗೂ ಬೇಕಿತ್ತು. ಅದನ್ನು ಮಣಿಯಂತೆ ಕರಗಿಸಿ ಚೂರು ಅದಿರು ಸೇರಿಸಿದರೆ ಕೋಬಾಲ್ಟ್ ನೀಲಿ ಕೊಡುತ್ತದೆ. ಮ್ಯಾಂಗನೀಸ್ ಹೊರಜ್ವಾಲೆಯಲ್ಲಿ ನೇರಳೆ, ಒಳಜ್ವಾಲೆಯಲ್ಲಿ ಬಣ್ಣವಿಲ್ಲ. ಜೇಬಿನಲ್ಲಿ ಹಿಡಿಸುವ ಪ್ರಯೋಗಶಾಲೆ ಅದು.

ಅಕ್ಕಸಾಲಿಗರು ಇದನ್ನೆಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಕೆಮ್ಮಿದರು. ಆಮೇಲೆ, "ಕೆಡಿಎಂ ಗೊತ್ತೇನಪ್ಪ?" ಎಂದರು.

ಶುದ್ಧ ಚಿನ್ನದ ಗುರುತೆಂದು ನಾವೆಲ್ಲ ಕೇಳಿ ಪಡೆದ ಕೆಡಿಎಂ ಎಂದರೆ ಕ್ಯಾಡ್ಮಿಯಂ ಬೆಸುಗೆ. ಕಾಯಿಸಿದಾಗ ಕ್ಯಾಡ್ಮಿಯಂ ಹೊಗೆಯಾಗಿ ಹಾರುತ್ತದೆ, ಒಡವೆಯಲ್ಲಿ ಚಿನ್ನದ ಪಾಲು ಉಳಿಯುತ್ತದೆ. ಆ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಊದುವವನ ಮುಖ ಜ್ವಾಲೆಯಿಂದ ಒಂದು ಗೇಣು ದೂರ. ಊದುತ್ತಲೇ ಮೂಗಿನಿಂದ ಉಸಿರೆಳೆಯಬೇಕಾದ ಕಸುಬು.

ಅವರ ಕೆಮ್ಮಿಗೆ ಅದೇ ಕಾರಣವೋ ಏನೋ, ವೈದ್ಯರು ಹೇಳಬೇಕು. ಅವರು ತೋರಿಸಿಕೊಂಡಿಲ್ಲ. ನಾನು ಕಳಿಸಿದ ವರದಿ 'ನಶಿಸುತ್ತಿರುವ ಕುಲಕಸುಬು' ಎಂಬ ತಲೆಬರಹದಲ್ಲಿ ಆರು ಸಾಲು ಬಂತು. ಕೆಮ್ಮಿನ ಸಾಲನ್ನು ಬರೆಯಲು ನನಗೇ ಹೊಳೆದಿರಲಿಲ್ಲ. ಬರುವ ವಾರ ಅವರನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯುತ್ತಿದ್ದೇನೆ.